ಮಂಗಳೂರಿಗೆ ಹೋಗುವ ಕಾಲ

ಮಂಗಳೂರಿಗೆ ಯಾವ ಕಾಲದಲ್ಲಿ ಹೋದರೆ ಒಳ್ಳೆಯದು ಎಂದು ಮಹಾನಂದಾ ಕೇಳಿದರೆ ಸಾಕು, ಪೀಣ್ಯದ ಆ ವಠಾರದಲ್ಲಿ ಉತ್ತರ ಹೇಳದೆ ಬಿಡುವ ಮನುಷ್ಯನೇ ಇರಲಿಲ್ಲ. ಅವರಲ್ಲಿ ಮುಕ್ಕಾಲು ಪಾಲು ಜನ ಮಂಗಳೂರು ನೋಡಿರಲಿಲ್ಲ ಎನ್ನುವುದು ಬೇರೆ ಮಾತು. ನಾಲಗೆಗೆ ಮೊದಲೇ ಎಲುಬಿಲ್ಲ, ನೋಡದ ಊರಿನ ಸುದ್ದಿ ಬಂದರಂತೂ ಅದಕ್ಕೆ ಹಿಡಿತವೇ ಇರುವುದಿಲ್ಲ.

ವಠಾರದ ಮಾಲೀಕ ನಲ್ಲಪ್ಪ ಈ ವಿಷಯದಲ್ಲಿ ದೊಡ್ಡ ಪಂಡಿತ. ಕಾರ್ಖಾನೆಗಳು ಬರುವ ಮೊದಲು ಅವನ ಅಪ್ಪ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಅವನು ಶೀಟಿನ ಮನೆಗಳನ್ನು ಎರಡು ಸಾಲಾಗಿ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ. ಒಮ್ಮೆ ಧರ್ಮಸ್ಥಳಕ್ಕೆ ಹೋದಾಗ ವ್ಯಾನಿನವನ ಒತ್ತಾಯಕ್ಕೆ ಮಂಗಳೂರನ್ನೂ ಮುಟ್ಟಿ ಬಂದಿದ್ದ. ಅಂದಿನಿಂದ ಕರಾವಳಿಯೂ ಅವನ ಜಮೀನಿಗೇ ಸೇರಿಹೋಯಿತು. ಡಿಸೆಂಬರ್ ಬಿಟ್ಟು ಬೇರೆ ತಿಂಗಳಲ್ಲಿ ಅಲ್ಲಿಗೆ ಹೋಗುವವರು ಮನುಷ್ಯರೇ ಅಲ್ಲ ಎಂಬುದು ಅವನ ತೀರ್ಪು. ಪಕ್ಕದ ಮನೆಯ ಶಿವಲಿಂಗಮ್ಮ ತುಮಕೂರು ದಾಟಿದವಳಲ್ಲ. ಆದರೂ ಹುಣ್ಣಿಮೆ ಅಮಾವಾಸ್ಯೆ ತಪ್ಪಿಸಿ ಹೋಗು, ಸಮುದ್ರ ಉಕ್ಕುತ್ತದೆ ಎಂದು ಎಚ್ಚರಿಸಿದಳು. ಮಹಾನಂದಾ ದುಡಿಯುವ ಶೆಡ್ಡಿನ ಸೂಪರ್‌ವೈಸರ್ ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ ಪ್ರಶಸ್ತ ಎಂದು ಎಲ್ಲೋ ಓದಿದ್ದನಂತೆ. ಹಾಗೆಂದು ಆ ತಿಂಗಳುಗಳಲ್ಲಿ ರಜೆ ಕೇಳಿದರೆ ಮಾತ್ರ ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಇನ್ನು ಮಹಾನಂದಾಳ ಗಂಡ ಪರಮಾನಂದ. ಅವನು ಲೇತ್ ಮಷೀನಿನ ಮೇಲೆ ಕೆಲಸ ಮಾಡುವವನು, ಕಬ್ಬಿಣದ ಎದುರು ಗಟ್ಟಿಗ, ಹೆಂಡತಿಯ ಎದುರು ಮೆತ್ತಗೆ. ಬೇಸಿಗೆಯಲ್ಲಿ ಮಾತೆತ್ತಿದರೆ ಅಲ್ಲಿ ಸೆಕೆ ಎನ್ನುತ್ತಿದ್ದ. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದು ದಾರಿ ಮುಚ್ಚುತ್ತದೆ, ಚಳಿಗಾಲದಲ್ಲಿ ಓವರ್‌ಟೈಮ್ ಬಿಡುವಂತಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಪರಮಾನಂದನಿಗೆ ನೆಲದ ಬದಲು ಹವಾಮಾನ ಸಿಕ್ಕಿತ್ತು, ಅಷ್ಟೇ ವ್ಯತ್ಯಾಸ.

ಇವರೆಲ್ಲ ಮಹಾನಂದಾಗೆ ಸಮುದ್ರ ನೋಡುವ ಆಸೆ ಎಂದು ತಿಳಿದಿದ್ದರು. ಅವಳಿಗೆ ಅಂಥ ಆಸೆ ಇರಲಿಲ್ಲ. ಬಾಗಲಕೋಟೆ ಕಡೆಯ ಅವಳ ಊರು ಆಣೆಕಟ್ಟಿನ ಹಿನ್ನೀರಿಗೆ ಮುಳುಗಡೆಯಾದಾಗ ಅವಳಿನ್ನೂ ಲಂಗ ಉಡುವ ಹುಡುಗಿ. ಹುಟ್ಟಿದ ಮನೆ, ಬೇವಿನ ಮರ, ಕೊನೆಗೆ ಹನುಮಪ್ಪನ ಗುಡಿ, ಒಂದೊಂದಾಗಿ ನೀರಿನ ಕೆಳಗೆ ಹೋಗಿದ್ದನ್ನು ಕಂಡವಳು. ಊರವರು ಚೆಲ್ಲಾಪಿಲ್ಲಿಯಾದರು, ಅಪ್ಪ ಅವ್ವ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಉಳಿದವನು ತಮ್ಮ ಹನುಮೇಶ ಒಬ್ಬನೇ. ತವರುಮನೆ ಎಂದರೆ ಅವಳ ಪಾಲಿಗೆ ಗೋಡೆ ಮಾಡುಗಳಲ್ಲ, ಎರಡು ಕಾಲಿನ ಮೇಲೆ ನಡೆದಾಡುವ ಈ ಹನುಮೇಶ. ಅವನು ಮಂಗಳೂರಿನಲ್ಲಿ ಮೀನಿನ ಬೋಟಿಗೆ ಹೋಗುತ್ತಿದ್ದ. ಅವನ ಮುಖ ನೋಡಿ ಮೂರು ವರ್ಷವಾಗಿತ್ತು.

ಅವಳ ಸೀಮೆಯಲ್ಲಿ ಶ್ರಾವಣದ ನಾಗರ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಮದುವೆಯಾದ ಹೆಣ್ಣನ್ನು ತವರಿಗೆ ಕರೆದೊಯ್ಯಬೇಕು, ಮರಕ್ಕೆ ಜೋಕಾಲಿ ಕಟ್ಟಬೇಕು, ಎಳ್ಳಿನ ಉಂಡಿ, ಶೇಂಗಾದ ಉಂಡಿ ತಿಂದು ಆಡಬೇಕು. ಕರೆದೊಯ್ಯಲು ಮನೆಯೇ ಇಲ್ಲದ ಹನುಮೇಶ ಈ ಪದ್ಧತಿಯನ್ನು ಹೇಗೋ ನಡೆಸಿಕೊಂಡು ಬಂದಿದ್ದ. ಬೊಮ್ಮನಹಳ್ಳಿಯಲ್ಲಿ ಅವರು ಬಾಡಿಗೆಗಿದ್ದ ಈಶ್ವರಮ್ಮನ ಸಾಲುಮನೆಗೆ ಪಂಚಮಿಯ ಹೊತ್ತಿಗೆ ಬಂದುಬಿಡುತ್ತಿದ್ದ. ಬಾಗಿಲಲ್ಲೇ ನಿಂತು ‘ಅಕ್ಕಾ, ಕರಿಯಾಕ ಬಂದೇನಿ’ ಎನ್ನುತ್ತಿದ್ದ. ಅವಳು ನಕ್ಕು ‘ಎಲ್ಲಿಗೋ?’ ಎಂದರೆ ಅವಳನ್ನು ಲಾಲ್‌ಬಾಗಿಗೆ ಕರೆದೊಯ್ಯುತ್ತಿದ್ದ. ಮೀನಿನ ವಾಸನೆ ಹೊಡೆಯುವ ಅವನ ಬಟ್ಟೆಗಳನ್ನು ಅವಳು ಬೈದುಕೊಂಡೇ ಎರಡೆರಡು ಸಲ ಒಗೆಯುತ್ತಿದ್ದಳು.

ಆಮೇಲೆ ಎಲ್ಲ ಒಂದೇ ಸಲಕ್ಕೆ ಕೆಟ್ಟಿತು. ಪರಮಾನಂದನಿಗೆ ಪೀಣ್ಯದಲ್ಲಿ ಕೆಲಸ ಸಿಕ್ಕಿ ಮನೆ ಬದಲಾಯಿಸಿದರು. ತಮ್ಮ ಬಂದರೆ ಹೇಳಿರಿ ಎಂದು ಈಶ್ವರಮ್ಮನಿಗೆ ವಿಳಾಸ ಹೇಳಿ ಬಂದಿದ್ದರು. ಅವಳು ಆ ಬೇಸಿಗೆಯಲ್ಲೇ ಜಾಗ ಮಾರಿ ಹೊಸೂರಿನ ಮಗಳ ಮನೆ ಸೇರಿದಳಂತೆ. ಅದು ಇವರ ಕಿವಿಗೆ ಬಿದ್ದದ್ದು ಪಂಚಮಿ ಕಳೆದ ಮೇಲೆ, ಇನ್ನು ತಮ್ಮ ಅಲ್ಲಿಗೆ ಬರುವುದಿಲ್ಲ ಎಂದುಕೊಂಡರು. ಅದೇ ದಿನಗಳಲ್ಲಿ ಮಾರತ್ತಹಳ್ಳಿಯ ಬಸ್ಸಿನ ನೂಕುನುಗ್ಗಲಲ್ಲಿ ಪರಮಾನಂದನ ಜೇಬಿನಿಂದ ಮೊಬೈಲು ಹೋಯಿತು. ಹನುಮೇಶನ ನಂಬರು ಇದ್ದದ್ದು ಅದೊಂದರಲ್ಲೇ. ಕಳೆದುಕೊಂಡವನು ತಾನು ಎನ್ನುವ ಅಳುಕಿಗೇ ಪರಮಾನಂದ ಆ ಮಾತು ಬಂದಾಗಲೆಲ್ಲ ಸೆಕೆ, ಮಳೆ, ಗುಡ್ಡ ಎಂದು ಜಾರಿಕೊಳ್ಳುತ್ತಿದ್ದ.

ಎರಡು ಪಂಚಮಿ ಹೋದವು. ಮೂರನೆಯದು ಹತ್ತಿರ ಬರುತ್ತಿದ್ದ ಹಾಗೆ ಮಹಾನಂದಾಗೆ ಕೂತರೆ ಏಳಬೇಕು, ಎದ್ದರೆ ಹೊರಗೆ ಹೋಗಬೇಕು. ಶೆಡ್ಡಿನಲ್ಲಿ ಅವಳ ಕೆಲಸ, ಮಷೀನಿನಿಂದ ಇಳಿದ ಬಿಡಿಭಾಗಗಳ ಚೂಪು ಅಂಚನ್ನು ಅರದಿಂದ ಉಜ್ಜಿ ನಯ ಮಾಡುವುದು. ಉಜ್ಜುತ್ತ ಉಜ್ಜುತ್ತ ಮನಸ್ಸು ಎಲ್ಲೋ ಹೋಗಿ ಬೆರಳನ್ನೇ ಉಜ್ಜಿಕೊಳ್ಳುತ್ತಿದ್ದಳು. ಸಂಜೆ ಮನೆಗೆ ಹೋಗುವ ದಾರಿ ಬಿಟ್ಟು ತುಮಕೂರು ರಸ್ತೆಗೆ ಬಂದು, ಮೆಟ್ರೊಗೆಂದು ಎಬ್ಬಿಸುತ್ತಿದ್ದ ಕಂಬಗಳ ಪಕ್ಕ ನಿಲ್ಲುತ್ತಿದ್ದಳು. ‘ಮಂಗಳೂರು’ ಎಂದು ಬೋರ್ಡು ಹಾಕಿಕೊಂಡ ಬಸ್ಸು ಕಂಡರೆ ಅದು ಕಣ್ಮರೆಯಾಗುವ ತನಕ ನೋಡುತ್ತಿದ್ದಳು. ಅವನು ಇದ್ದಾನೋ ಇಲ್ಲವೋ ಎನ್ನುವ ಮಾತನ್ನು ಮಾತ್ರ ಮನಸ್ಸಿನಲ್ಲೂ ಪೂರ್ತಿ ಆಡಿಕೊಳ್ಳುತ್ತಿರಲಿಲ್ಲ. ಬೋಟಿನವರ ಬಾಳು ನೀರಿನ ಮೇಲಿನದು. ಆ ನೀರನ್ನು ಅವಳು ಒಂದು ದಿನಕ್ಕೂ ನಂಬಿದವಳಲ್ಲ.

ಪೀಣ್ಯದ ಸಂತೆಯಲ್ಲಿ ಮಂಗಳೂರು ಕಡೆಯವನೊಬ್ಬ ಮೀನಿನ ಅಂಗಡಿ ಇಟ್ಟಿದ್ದ. ಮೀನು ತಿನ್ನದ ಮಹಾನಂದಾ ಭಾನುವಾರ ಭಾನುವಾರ ಆ ಅಂಗಡಿಯ ಮುಂದೆ ಮೂಗಿಗೆ ಸೆರಗು ಹಿಡಿದು ನಿಂತು ಬೋಟಿನ ಸುದ್ದಿ ಕೇಳುತ್ತಿದ್ದಳು. ಮೊದಮೊದಲು ಅವನಿಗೆ ಇದು ಚೌಕಾಸಿಯ ಹೊಸ ಬಗೆಯೇನೋ ಅನ್ನಿಸಿತು. ಆಮೇಲೆ ಪಾಪ, ಗಿರಾಕಿ ಇಲ್ಲದಾಗ ವಿವರಿಸಿ ಹೇಳತೊಡಗಿದ. ಡಿಸೆಂಬರ್‌ನಲ್ಲಿ ಸಮುದ್ರ ಶಾಂತವಾಗಿರುತ್ತದೆ ನಿಜ, ಆದರೆ ಆಗ ಬೋಟು ಹೊರಟರೆ ಹತ್ತು ದಿನ ದಡಕ್ಕೆ ಬರುವುದಿಲ್ಲ, ಬಂದರೂ ಮೀನು ಇಳಿಸಿ ಮತ್ತೆ ಹೊರಟುಬಿಡುತ್ತದೆ ಎಂದ. ಎಲ್ಲರೂ ಹೊಗಳುವ ಡಿಸೆಂಬರ್ ಅಲ್ಲಿಗೇ ಅವಳ ಲೆಕ್ಕದಿಂದ ಹೋಯಿತು. ಆಷಾಢದ ಒಂದು ಭಾನುವಾರ ನೋಡಿದರೆ ಅಂಗಡಿಯ ಹಲಗೆ ಹೆಚ್ಚುಕಡಿಮೆ ಖಾಲಿ.

"ಈಗ ಎಂತ ಮೀನಕ್ಕ? ಮಳೆಗಾಲಕ್ಕೆ ಬೋಟೆಲ್ಲ ದಕ್ಕೆಯಲ್ಲಿ ಕಟ್ಟಿ ಹಾಕಿದೆ. ಇನ್ನು ಆಗಸ್ಟಿಗೇ ಅದು ಹೊರಡುವುದು."

ದಕ್ಕೆ ಎಂದರೆ ಬೋಟುಗಳನ್ನು ಕಟ್ಟುವ ಕಟ್ಟೆ. ಹನುಮೇಶನ ಬಾಯಲ್ಲೂ ಅವಳು ಆ ಮಾತು ಕೇಳಿದ್ದಳು. ಎಲ್ಲ ಬೋಟುಗಳೂ ಒಂದೇ ಕಡೆ, ಒಂದೂ ಅಲ್ಲಾಡುವುದಿಲ್ಲ! ಮಹಾನಂದಾಗೆ ಸಂತೆಯ ನಡುವೆಯೇ ಬೆಳಕು ಹರಿದ ಹಾಗಾಯಿತು.

ಅವಳು ಎಡವಿದ್ದು ಇಲ್ಲಿಯೇ. ಪೀಣ್ಯದಲ್ಲಿ ದುಡಿದವರು ಯಾರಾದರೂ ಇಲ್ಲಿಯೇ ಎಡವುತ್ತಿದ್ದರು. ಅವಳ ಶೆಡ್ಡಿನಲ್ಲಿ ದಿನಕ್ಕೊಮ್ಮೆಯಾದರೂ ಕರೆಂಟು ಹೋಗುತ್ತಿತ್ತು. ಕರೆಂಟು ಹೋದರೆ ಮಷೀನು ನಿಲ್ಲುತ್ತದೆ, ಆದರೆ ಕೆಲಸದವರು ಎಲ್ಲಿಗೂ ಹೋಗುವಂತಿಲ್ಲ. ಯಾವ ಗಳಿಗೆಯಲ್ಲಿ ಬರುತ್ತದೋ ಎಂದು ಅವರವರ ಮಷೀನಿನ ಪಕ್ಕದಲ್ಲೇ ಕೂತು ಬೀಡಿ ಸೇದುವುದು, ಹರಟೆ ಹೊಡೆಯುವುದು. ಯಾರನ್ನಾದರೂ ಹುಡುಕಬೇಕೆಂದರೆ ಅದೇ ಸರಿಯಾದ ಹೊತ್ತು. ಬೋಟೂ ಒಂದು ಮಷೀನೇ, ಅದು ನಿಂತಾಗ ಹನುಮೇಶ ಅದರ ಪಕ್ಕದಲ್ಲಿ ಕೂತಿರುತ್ತಾನೆ ಎಂದು ಅವಳು ಲೆಕ್ಕ ಹಾಕಿದಳು.

ಪರಮಾನಂದ ಎಂದಿನಂತೆ ಘಾಟಿಯ ಗುಡ್ಡ ಕುಸಿಯುವ ಕತೆ ಶುರುಮಾಡಿದ. ಅವಳು ಕೇಳಿಸಿಕೊಳ್ಳಲಿಲ್ಲ.

"ಮಷೀನು ನಿಂತಾಗನ ಮನಷ್ಯಾ ಕೈಗೆ ಸಿಗೂದು. ಈಗ ಹೋಗಲಿಲ್ಲಂದ್ರ ನಾ ಇನ್ನೆಂದೂ ಹೋಗೂದುಲ್ಲ."

ಆಷಾಢದಲ್ಲಿ ಯಾರಾದರೂ ಪಂಚಮಿಯ ಉಂಡಿ ಕಟ್ಟುತ್ತಾರೆಯೇ ಎಂದು ಶಿವಲಿಂಗಮ್ಮ ಮೂಗಿನ ಮೇಲೆ ಬೆರಳಿಟ್ಟಳು. ಮಹಾನಂದಾ ಎಳ್ಳು ಹುರಿದು, ಕುಟ್ಟಿ, ಬೆಲ್ಲದ ಪಾಕ ಹಿಡಿದು ಕಟ್ಟಿಯೇ ಕಟ್ಟಿದಳು. ಡಬ್ಬಿಯ ಬಾಯಿಗೆ ಬಟ್ಟೆ ಬಿಗಿದಳು. ನಲ್ಲಪ್ಪ ತನ್ನ ಕೊಡೆ ಕೊಟ್ಟ. ಕೊಡುವಾಗಲೂ ಡಿಸೆಂಬರ್ ಆಗಿದ್ದರೆ ಇದು ಬೇಕಾಗುತ್ತಿರಲಿಲ್ಲ ಎಂದು ಹೇಳದೆ ಬಿಡಲಿಲ್ಲ. ಶನಿವಾರ ಸಂಜೆ ಪರಮಾನಂದ ಅವಳನ್ನು ಬಸ್ಸಿಗೆ ಹತ್ತಿಸಿ, ತನ್ನ ಹೊಸ ಮೊಬೈಲನ್ನು ಅವಳ ಕೈಯಲ್ಲಿಟ್ಟ. ಏನಾದರೂ ಹೇಳುವುದಿದ್ದರೆ ನಲ್ಲಪ್ಪನ ಮನೆಗೆ ಮಾಡು ಎಂದ.

ಘಾಟಿಯಲ್ಲಿ ಗುಡ್ಡ ಕುಸಿಯಲಿಲ್ಲ. ಕುಸಿದಿದ್ದರೆ ಅವಳು ಇಳಿದು ನಡೆದುಕೊಂಡೇ ಹೋಗುತ್ತಿದ್ದಳೋ ಏನೋ. ಮಂಗಳೂರಿನಲ್ಲಿ ಮಳೆ ಹಿಡಿದ ಹಿಡಿ ಬಿಡದೆ ಹೊಡೆಯುತ್ತಿತ್ತು. ಸಿಟಿ ಬಸ್ಸು ಹತ್ತಿ, ಇಳಿದು, ದಕ್ಕೆ ಎಲ್ಲಿ ಎಂದು ಕೇಳಿ ಕೇಳಿ ಬಂದರೆ, ಮೀನುಗಾರಿಕೆಯ ಅಷ್ಟು ದೊಡ್ಡ ಕಟ್ಟೆ ಬಿಕೋ ಎನ್ನುತ್ತಿತ್ತು. ಬೋಟುಗಳಿದ್ದವು. ಒಂದಕ್ಕೊಂದು ಮೈ ತಾಗಿಸಿ, ಮೇಲೆ ತೆಂಗಿನ ಗರಿಯ ತಟ್ಟಿ ಹೊದ್ದುಕೊಂಡು, ಕಣ್ಣು ಹಾಯುವಷ್ಟು ದೂರಕ್ಕೆ ಬೋಟುಗಳೇ. ಮನುಷ್ಯರು ಮಾತ್ರ ಇರಲಿಲ್ಲ. ಅವಳು ಒಂದೊಂದು ತಟ್ಟಿಯ ಸಂದಿಯಲ್ಲೂ ಇಣುಕುತ್ತ ನಡೆದಳು.

ಒಂದು ಶೆಡ್ಡಿನ ಕೆಳಗೆ ಒಬ್ಬಾತ ಕಾಲು ಚಾಚಿ ಕೂತು ಬಲೆ ಹೆಣೆಯುತ್ತಿದ್ದ. ಅವಳು ಬಾಯಿ ತೆರೆದ ಕೂಡಲೇ ಮಾತಿನ ವರಸೆ ಹಿಡಿದು, ನೀವು ಯಾವ ಕಡೆಯವರು ಎಂದ. ಹೆಸರು ಮಡಿವಾಳಪ್ಪ, ಕೊಪ್ಪಳ ಸೀಮೆಯವನು. ಕಾಲಿಗೆ ಪೆಟ್ಟಾದ ಮೇಲೆ ಬೋಟಿಗೆ ಹೋಗುವುದು ಬಿಟ್ಟು ಅಲ್ಲೇ ಕಾವಲಿಗೆ ಉಳಿದಿದ್ದ. ಹನುಮೇಶ ಎಂಬ ಹೆಸರು ಕೇಳಿದ್ದೇ ಅವನ ಮುಖ ಅರಳಿತು. ಮಹಾನಂದಾ ಆ ಮುಖ ನೋಡಿಯೇ ಅಲ್ಲಿದ್ದ ಹಗ್ಗದ ರಾಶಿಯ ಮೇಲೆ ಕೂತಳು. ಅವನಿದ್ದಾನೆ. ಮೂರು ವರ್ಷದಿಂದ ಹಿಡಿದಿಟ್ಟಿದ್ದ ಉಸಿರನ್ನು ಅವಳು ಅಲ್ಲಿ ಬಿಟ್ಟಳು.

"ಬೋಟ್ ಕಟ್ಟಿದ ಮ್ಯಾಲ ಇಲ್ಲಿ ಯಾರಿರ್ತಾರವ್ವ? ಎಲ್ಲಾರೂ ಅವರವರ ಊರಿಗೆ ಹೋಗಿಬಿಡ್ತಾರ. ಹನುಮ್ಯಾ ವರ್ಷಾ ಹೋದಂಗ ಅವರ ಅಕ್ಕನ ಮನಿಗೆ ಹೋಗ್ಯಾನ, ಬೆಂಗಳೂರಿಗೆ."

ತಾನು ಯಾರೆಂದು ಹೇಳುವ ಮೊದಲು ಅವನ ಮಾತು ಕೇಳಬೇಕೆಂದು ಮಹಾನಂದಾ ಹತ್ತಿರ ಸರಿದಳು. ಮಡಿವಾಳಪ್ಪನೋ ಮಾತಿಗೆ ಹಸಿದವನು, ಮಳೆಗಾಲದಲ್ಲಿ ಅವನಿಗೆ ಕೇಳುವವರು ಯಾರು? ಹನುಮೇಶನ ಅಕ್ಕನ ಪುರಾಣವನ್ನು ಅವನು ಪೂರ್ತಿ ಬಿಚ್ಚಿದ. ಆ ಅಕ್ಕ ತಮ್ಮ ಬಂದನೆಂದರೆ ಪಂಚಮಿ ಮುಗಿಯುವ ತನಕ ಬಿಡುವುದಿಲ್ಲವಂತೆ. ಬಟ್ಟೆ ನಾರುತ್ತದೆ ಎಂದು ಬೈಯುತ್ತಲೇ ಎರಡು ಸಲ ಒಗೆಯುತ್ತಾಳಂತೆ. ಪಂಚಮಿಯ ದಿನ ಅಕ್ಕ ತಮ್ಮ ಲಾಲ್‌ಬಾಗಿಗೆ ಹೋಗುತ್ತಾರಂತೆ. ಬರುವಾಗ ಉಂಡಿಯ ಪೊಟ್ಟಣ ಕಟ್ಟಿ ಕಳಿಸುತ್ತಾಳಂತೆ, ಬೋಟಿನವರಿಗೆಲ್ಲ ಹಂಚುತ್ತಾನೆ. ಹೋದ ವರ್ಷ ಒಳ್ಳೇ ಉಂಡಿ ಕಳಿಸಿದ್ದಳು, ಪುಣ್ಯಾತ್ಗಿತ್ತಿ.

ಹೋದ ವರ್ಷ. ಅದರ ಹಿಂದಿನ ವರ್ಷವೂ. ಮಹಾನಂದಾ ಡಬ್ಬಿಯ ಬಟ್ಟೆ ಬಿಚ್ಚಿದಳು, ಒಂದು ಉಂಡಿ ತೆಗೆದು ಅವನ ಕೈಯಲ್ಲಿಟ್ಟಳು. ಅವನು ಕಚ್ಚಿದ, ನಿಧಾನಕ್ಕೆ ಅಗಿದ, ಮತ್ತೊಮ್ಮೆ ಕಚ್ಚಿದ.

"ಇದು ಮನಿಯಾಗ ಕಟ್ಟಿದ ಉಂಡಿ. ಹನುಮ್ಯಾ ತರೂವು ಹಿಂಗಿರೂದುಲ್ಲವ್ವ. ಅವು ಅಂಗಡ್ಯಾನ ಉಂಡಿ ಇದ್ದಂಗ ಇರ್ತಾವ."

"ಅಂಗಡ್ಯಾನೂವ ಇರಬೇಕ್ರಿ," ಎಂದಳು. "ನಾನ ಅವನ ಅಕ್ಕ."

ಮಡಿವಾಳಪ್ಪನ ಕೈಯಲ್ಲಿದ್ದ ಉಂಡಿ ಅಲ್ಲೇ ಉಳಿಯಿತು. ಮಳೆ ಶೀಟಿನ ಮೇಲೆ ಬಡಿಯುತ್ತಿತ್ತು. ಮಹಾನಂದಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ನಾಚಿಕೆ ಬಿಟ್ಟು ಅತ್ತಳು. ತಮ್ಮ ಕಾಣೆಯಾಗಿದ್ದಕ್ಕಲ್ಲ. ಮನೆ ಸಿಗದವನು ಇಲ್ಲಿಗೆ ಬಂದು, ಇಲ್ಲದ ಮನೆಯಲ್ಲಿ ಇಲ್ಲದ ಅಕ್ಕನಿಂದ ಉಣ್ಣಿಸಿಕೊಂಡೆನೆಂದು ಹೇಳಿ, ಅಂಗಡಿಯ ಉಂಡಿ ಹಂಚಿದ್ದನಲ್ಲ, ಅದಕ್ಕೆ. ಅವಳ ಮಾನವನ್ನು ಅವನು ಈ ಕಟ್ಟೆಯ ಮೇಲೆ ವರ್ಷ ವರ್ಷ ಕಾಪಾಡಿದ್ದ.

ಫೋನಿಲ್ಲವೇ ಎಂದು ಕೇಳಿದಳು. ಉಪ್ಪುನೀರಿಗೆ ಬಿದ್ದು ಬಿದ್ದು ಅವನು ಅದನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದ. ಬೆಂಗಳೂರಿನಲ್ಲಿ ಎಲ್ಲಿರುತ್ತಾನೆ ಎಂದರೆ ಮಡಿವಾಳಪ್ಪನಿಗೆ ಗೊತ್ತಿದ್ದದ್ದು ಬೊಮ್ಮನಹಳ್ಳಿ ಎಂಬ ಒಂದು ಹೆಸರು. ಅಷ್ಟು ಸಾಕು ಎಂದು ಅವಳು ಎದ್ದಳು. ಇಷ್ಟು ದೂರ ಬಂದಿದ್ದೀರಿ, ಇದು ಹೊಳೆ, ದೋಣಿ ಹತ್ತಿ ಆಚೆ ದಡಕ್ಕೆ ಹೋದರೆ ಸಮುದ್ರ ಕಾಣುತ್ತದೆ, ನೋಡಿಕೊಂಡು ಹೋಗಿ ಎಂದು ಅವನು ಉಪಚಾರ ಹೇಳಿದ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತದೆ ಗಾದೆ. ಮಹಾನಂದಾ ಊರಿಗೆ ಬಂದಳು, ನೀರಿಗೆ ಹೋಗಲಿಲ್ಲ. ನಾಲ್ಕು ಉಂಡಿಯನ್ನು ಮಡಿವಾಳಪ್ಪನಿಗೆ ಕೊಟ್ಟು, ನಲ್ಲಪ್ಪನ ಮನೆಗೆ ಫೋನು ಮಾಡಿ ಬರುತ್ತಿದ್ದೇನೆ ಎಂದಷ್ಟೇ ಹೇಳಿ, ಸಿಕ್ಕಿದ ಬಸ್ಸು ಹತ್ತಿದಳು.

ದಾರಿಯುದ್ದಕ್ಕೂ ಅವಳ ಕಾಲು ಬಸ್ಸಿನ ನೆಲವನ್ನು ತುಳಿಯುತ್ತಲೇ ಇತ್ತು. ಡ್ರೈವರ್ ಊಟಕ್ಕೆ ನಿಲ್ಲಿಸಿದರೆ ಅವನ ಮೇಲೆ ಸಿಟ್ಟು, ಎದುರಿಗೆ ಲಾರಿ ಬಂದರೆ ಲಾರಿಯ ಮೇಲೆ ಸಿಟ್ಟು. ತಾನು ಅಲ್ಲಿಗೆ ಹೋದ ಹೊತ್ತಿಗೆ ಅವನು ಅಲ್ಲಿಂದ ಹೊರಟಿದ್ದರೆ? ಅಕ್ಕ ತಮ್ಮ ಹೀಗೇ ಎದುರುಬದುರು ಓಡಾಡಿಕೊಂಡೇ ಮುದುಕರಾದರೆ? ಹಾಸನದಲ್ಲಿ ಇಳಿದು ತಳ್ಳಿದರೆ ಬಸ್ಸು ಬೇಗ ಹೋಗುತ್ತದೆ ಎಂದಿದ್ದರೆ ಅವಳು ತಳ್ಳುತ್ತಿದ್ದಳು.

ಬಸ್ಸು ಪೀಣ್ಯಕ್ಕೆ ಬಂದಾಗ ಸೋಮವಾರದ ಬೆಳಗು. ಸ್ಟಾಪಿನಲ್ಲಿ ಪರಮಾನಂದ ಶಿಫ್ಟಿನ ನೀಲಿ ಅಂಗಿಯಲ್ಲೇ ಕಾಯುತ್ತಿದ್ದ. ಅವಳು ಇಳಿಯಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಹನುಮೇಶ ಬೊಮ್ಮನಹಳ್ಳಿಯಲ್ಲಿ ಇದ್ದಾನೆ, ನಾನು ಅಲ್ಲಿಗೇ ಹೋಗುತ್ತೇನೆ ಎಂದು ಕೂಗಿದಳು. ಶಿಫ್ಟು, ರಜೆ, ಮಳೆ, ಗುಡ್ಡ ಯಾವುದನ್ನೂ ಎತ್ತದೆ ಪರಮಾನಂದ ಹೊರಟ ಬಸ್ಸಿನ ಹಿಂದೆ ಓಡಿ ಬಂದು ಹತ್ತಿಬಿಟ್ಟ. ಮದುವೆಯಾದ ಮೇಲೆ ಗಂಡ ಒಂದು ಮಾತೂ ಆಡದೆ ಒಂದು ಕೆಲಸ ಮಾಡಿದ್ದನ್ನು ಅವಳು ಆವತ್ತೇ ನೋಡಿದ್ದು.

ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸಿನ ಹಿಂದಿನ ಓಣಿ ಗುರುತೇ ಸಿಗಲಿಲ್ಲ. ಈಶ್ವರಮ್ಮನ ಸಾಲುಮನೆ ಇದ್ದ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಏಳುತ್ತಿತ್ತು. ತನ್ನ ಬಾಗಿಲು ಎಲ್ಲಿತ್ತು, ನಲ್ಲಿ ಎಲ್ಲಿತ್ತು ಎಂದು ಮಹಾನಂದಾ ಮರಳು ಜಲ್ಲಿಗಳ ನಡುವೆ ದಿಕ್ಕು ತಪ್ಪಿ ನಿಂತಳು. ಮೊದಲನೇ ಮಹಡಿಯಲ್ಲಿ ಒಬ್ಬ ಬೆನ್ನು ತಿರುಗಿಸಿ ನಿಂತು ಹೊಸ ಗೋಡೆಗೆ ಪೈಪಿನಿಂದ ನೀರು ಹಾಯಿಸುತ್ತಿದ್ದ. ಆ ಬೆನ್ನನ್ನು ಅವಳು ಎತ್ತಿ ಆಡಿಸಿದ್ದಳು, ಉಜ್ಜಿ ಎರೆದಿದ್ದಳು. ಅವಳು ಗಂಡನ ತೋಳು ಹಿಡಿದು ಮೇಲಕ್ಕೆ ಬೆರಳು ಮಾಡಿದಳು. ಹೆಸರು ಹಿಡಿದು ಕರೆದವನು ಪರಮಾನಂದ.

ಹನುಮೇಶ ತಿರುಗಿದ. ಪೈಪು ಅವನ ಕೈಯಲ್ಲೇ ಇತ್ತು, ನೀರು ಅವನ ಕಾಲ ಮೇಲೆ ಹರಿಯುತ್ತಿತ್ತು, ಅವನಿಗೆ ಅದರ ಪರಿವೆಯಿರಲಿಲ್ಲ. ಇನ್ನೂ ಹಸಿಯಿದ್ದ ಮೆಟ್ಟಿಲುಗಳ ಮೇಲೆ ಹೆಜ್ಜೆ ಮೂಡಿಸುತ್ತ ಓಡಿ ಇಳಿದು ಬಂದ. ಅಕ್ಕನ ಎದುರಿಗೆ ಬಂದು ನಿಂತವನು ಮುಟ್ಟಲೂ ಹೆದರಿದವನ ಹಾಗೆ ಕೈ ಕಟ್ಟಿಕೊಂಡ.

"ವರ್ಷಾ ಕರಿಯಾಕ ಬಂದಿದ್ದೆ ಅಕ್ಕಾ," ಎಂದ. "ನಿನ್ನ ಬಾಗಿಲನ ಇರಲಿಲ್ಲ."

ಅವಳು ಅವನ ಕೆನ್ನೆಗೆ ಒಂದು ಏಟು ಕೊಟ್ಟಳು. ಆಮೇಲೆ ಅದೇ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವನು ಬಿಕ್ಕುತ್ತ ಹೇಳಿದ್ದು ಇಷ್ಟು: ಮೊದಲ ವರ್ಷ ಬಂದಾಗ ಮನೆಯಲ್ಲಿ ಯಾರೋ ಬೇರೆಯವರಿದ್ದರು. ಮರುವರ್ಷ ಮನೆಯೇ ಇರಲಿಲ್ಲ. ಆದರೂ ಬೋಟು ಕಟ್ಟಿದ ಕೂಡಲೇ ಇಲ್ಲಿಗೇ ಬರುತ್ತಿದ್ದ, ಸುತ್ತಮುತ್ತ ಸಿಕ್ಕ ಕೂಲಿ ಮಾಡುತ್ತಿದ್ದ. ಈ ವರ್ಷ ಇಲ್ಲೇ ಕಟ್ಟಡ ಏಳುವುದನ್ನು ಕಂಡು ಮೇಸ್ತ್ರಿಯ ಕಾಲು ಹಿಡಿದು ಕೆಲಸಕ್ಕೆ ಸೇರಿದ. ಅಕ್ಕ ಎಂದಾದರೂ ಹುಡುಕಿಕೊಂಡು ಬಂದರೆ ಈ ಜಾಗಕ್ಕೇ ಬರಬೇಕಲ್ಲ. ಮಷೀನು ನಿಂತಾಗ ಅದರ ಪಕ್ಕದಲ್ಲೇ ಕೂತಿರುತ್ತಾನೆ ಎಂದು ಮಹಾನಂದಾ ಹಾಕಿದ ಲೆಕ್ಕ ಸುಳ್ಳಾಗಿರಲಿಲ್ಲ. ಆ ಮಷೀನು ಬೋಟಲ್ಲ, ತನ್ನ ಹಳೆಯ ಬಾಗಿಲು ಎನ್ನುವುದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

ಮೂವರೂ ಪೀಣ್ಯದ ಕಡೆಗೆ ಬಸ್ಸು ಹತ್ತಿದರು. ಪಂಚಮಿಗೆ ತಮ್ಮ ಬಂದು ಅಕ್ಕನನ್ನು ಕರೆದೊಯ್ಯಬೇಕು. ಆ ವರ್ಷ ಅಕ್ಕನೇ ತಮ್ಮನ ತೋಳು ಹಿಡಿದುಕೊಂಡು ಹೋದಳು, ಸೀಟಿನಲ್ಲಿ ಕೂತ ಮೇಲೂ ತೋಳು ಬಿಡಲಿಲ್ಲ. ಪರಮಾನಂದ ತಡೆಯಲಾರದೆ, ಮಂಗಳೂರಿಗೆ ಯಾವ ಕಾಲದಲ್ಲಿ ಬಂದರೆ ಚೆಂದ ಎಂದು ಭಾವಮೈದುನನನ್ನು ಕೇಳಿದ. ಹನುಮೇಶ ಕಣ್ಣೊರೆಸಿಕೊಂಡು, ಮಳೆ ಬಿಟ್ಟ ಮೇಲೆ ಗಾಳಿ ತಿರುಗುತ್ತದೆ, ಆಗ ನೀರಿನ ಬಣ್ಣವೇ ಬೇರೆ ಎಂದು ಶುರುಮಾಡಿದವನು ಏನೋ ನೆನಪಾಗಿ ಅಕ್ಕನ ಕಡೆ ತಿರುಗಿದ.

"ಸಮುದ್ರ ನೋಡಿದೇನಕ್ಕಾ?"

"ಇಲ್ಲ."

"ದಕ್ಕಿ ತನಕ ಹೋಗಿ?"

"ನೀ ಇರಲಿಲ್ಲಲ್ಲೋ," ಎಂದಳು ಮಹಾನಂದಾ. "ಏನು ನೋಡ್ಲಿ?"

ಅವನು ಮುಖ ಕಿಟಕಿಯ ಕಡೆ ಮಾಡಿದ. ಅವಳು ಡಬ್ಬಿಯ ಬಟ್ಟೆ ಬಿಚ್ಚಿ, ಉಳಿದ ಉಂಡಿಗಳನ್ನು ಅವನ ತೊಡೆಯ ಮೇಲೆ ಇಟ್ಟಳು. ಕಾಲದ ಮಾತನ್ನು ಆಮೇಲೆ ಪರಮಾನಂದನೂ ಎತ್ತಲಿಲ್ಲ.